ಅರಸ ಸತ್ತ, ಊರು ಉಳಿಯಿತು

ಬೈಬಲಿನ ಯೆಹೋಶುವನ ಗ್ರಂಥದ 12ನೇ ಅಧ್ಯಾಯದಲ್ಲಿ ಯೊರ್ದನ್ ನದಿಯ ಪಶ್ಚಿಮದಲ್ಲಿ ಇಸ್ರೇಲಿಗೆ ಸೋತ 31 ಅರಸರ ಪಟ್ಟಿಯಿದೆ. ಆಕ್ಷೇಪಕರು ಮೊದಲು ಅದನ್ನು ವಶಪಡಿಸಿಕೊಂಡ ಜಮೀನಿನ ಪಹಣಿ ಎಂದು ತಾವೇ ಭಾವಿಸುತ್ತಾರೆ, ಆಮೇಲೆ ಪಹಣಿ ಖೋಟಾ ಎಂದು ಕೂಗುತ್ತಾರೆ.

ಅವರ ಮುಖ್ಯ ವಾದವೆಂದರೆ, ಯೆರೂಸಲೇಮ್ ಮತ್ತು ಗೆಜೆರ್ ಅರಸರು ಪಟ್ಟಿಯಲ್ಲಿದ್ದಾರೆ, ಆದರೆ ಅದೇ ಗ್ರಂಥದ 15 ಮತ್ತು 16ನೇ ಅಧ್ಯಾಯಗಳು ಆ ಊರುಗಳ ಜನರನ್ನು ಹೊರಗಟ್ಟಲಾಗಲಿಲ್ಲ ಎನ್ನುತ್ತವೆ. ಹೌದು, ಎನ್ನುತ್ತವೆ. ಆದರೆ ಆ ಅರಸರು ಸತ್ತದ್ದೆಲ್ಲಿ? 10ನೇ ಅಧ್ಯಾಯ ತೆರೆಯಿರಿ. ಯೆರೂಸಲೇಮಿನ ಅರಸ ಸೋತು ಓಡಿ, ಮಕ್ಕೇದದ ಗವಿಯಲ್ಲಿ ಅಡಗಿ ಸಿಕ್ಕಿಬಿದ್ದ. ಗೆಜೆರಿನ ಅರಸ ಲಾಕೀಷಿನ ನೆರವಿಗೆ ಹೋಗಿ ಹತನಾದ. ಇಬ್ಬರೂ ತಮ್ಮ ಊರಿನಲ್ಲಿ ಸಾಯಲಿಲ್ಲ. ಅದೇ ಅಧ್ಯಾಯ ಹಿಡಿದ ಪಟ್ಟಣಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ಈ ಎರಡು ಅಲ್ಲಿಲ್ಲ. ದೊರೆ ಸತ್ತರೆ ಕೋಟೆ ತಾನಾಗಿ ಬೀಳುತ್ತದೆಂಬ ನಿಯಮ ಆಕ್ಷೇಪಕರದ್ದು, ಗ್ರಂಥದ್ದಲ್ಲ.

ಅಷ್ಟು ಸಣ್ಣ ನಾಡಿಗೆ 31 ಅರಸರೇ ಎಂಬ ನಗೆ ಇನ್ನೊಂದು. 1887ರಲ್ಲಿ ಈಜಿಪ್ಟಿನ ಅಮರ್ನಾದಲ್ಲಿ ಸಿಕ್ಕ ಮಣ್ಣಿನ ಹಲಗೆಗಳನ್ನು ಅವರು ಓದಿದಂತಿಲ್ಲ. ಅವುಗಳ ಪ್ರಕಾರ ಕ್ರಿ.ಪೂ. 14ನೇ ಶತಮಾನದಲ್ಲಿ ಯೆರೂಸಲೇಮ್, ಗೆಜೆರ್, ಮೆಗಿದ್ದೋ, ಹಾಚೋರ್‌ಗಳಿಗೆ ಬೇರೆ ಬೇರೆ ದೊರೆಗಳಿದ್ದರು. ಯೆರೂಸಲೇಮಿನ ದೊರೆ ಕಾವಲಿಗೆ 50 ಜನರನ್ನು ಕಳಿಸಿರೆಂದು ಫರೋಹನಿಗೆ ಮೊರೆಯಿಟ್ಟಿದ್ದ. ಅಂದು ಅರಸ ಎಂದರೆ ಒಂದು ಊರಿನ ದೊರೆ, ಅಷ್ಟೇ.

ಜಾಣರ ಆಕ್ಷೇಪವೂ ಇದೆ: 12:7ರಲ್ಲಿ ಯೆಹೋಶುವನು ಆ ನಾಡನ್ನು ಕುಲಗಳಿಗೆ ಸ್ವತ್ತಾಗಿ ಕೊಟ್ಟನೆಂದಿದೆಯಲ್ಲ? ಕೊಟ್ಟ, ಸರಿ. ಮುಂದಿನ ಅಧ್ಯಾಯದ ಮೊದಲ ಸಾಲುಗಳೇ ಇನ್ನೂ ಬಹಳಷ್ಟು ನಾಡು ಕೈಸೇರಿಲ್ಲ, ಆದರೂ ಚೀಟು ಹಾಕಿ ಹಂಚು ಎನ್ನುತ್ತವೆ. ಪಾಲು ಬರೆಯುವುದು ಬೇರೆ, ಒಕ್ಕಲು ಕೂರುವುದು ಬೇರೆ. 12ನ್ನು ಓದಿದವರು ಪುಟ ತಿರುಗಿಸಲು ಯಾಕೆ ಹಿಂಜರಿದರೋ!

ಯೆಹೋಶುವನು ‘ಇಡೀ ನಾಡು’ ಹಿಡಿದನೆಂಬ 11:23ರ ಮಾತು ಉತ್ಪ್ರೇಕ್ಷೆಯಂತೆ, ಆದ್ದರಿಂದ ಎಲ್ಲವೂ ಕಟ್ಟುಕತೆಯಂತೆ. ಕ್ರಿ.ಪೂ. 13ನೇ ಶತಮಾನದ ಕೊನೆಯ, ಫರೋಹ ಮೆರ್ನೆಪ್ತಾನ ಶಾಸನ ಇಸ್ರೇಲನ್ನು ನಿರ್ಮೂಲ ಮಾಡಿದ್ದಾಗಿ ಕೊಚ್ಚಿಕೊಳ್ಳುತ್ತದೆ, ಇಸ್ರೇಲ್ ಅಳಿಯಲಿಲ್ಲ. ಆ ಶಾಸನವನ್ನು ಮಾತ್ರ ಇದೇ ಪಂಡಿತರು ಅಮೂಲ್ಯ ಸಾಕ್ಷ್ಯವೆಂದು ಎತ್ತಿ ಹಿಡಿಯುತ್ತಾರೆ. ಫರೋಹನ ಬಡಾಯಿಗೆ ಸಿಗುವ ರಿಯಾಯಿತಿ ಹೀಬ್ರೂ ಲಿಪಿಕಾರನಿಗೇಕಿಲ್ಲ?

ಕೊನೆಗೆ ಅಗೆತದ ಮಾತು. ಪಟ್ಟಿಯಲ್ಲಿರುವ ಆಯಿ ಪಟ್ಟಣವೆಂದು ಬಹುತೇಕರು ಗುರುತಿಸುವ ಎತ್-ತೆಲ್ ದಿಬ್ಬ ಯೆಹೋಶುವನದೆನ್ನುವ ಕಾಲದಲ್ಲಿ ಪಾಳುಬಿದ್ದಿತ್ತು. ಇದು ಗಟ್ಟಿ ಪ್ರಶ್ನೆ, ತಳ್ಳಿಹಾಕುವುದಿಲ್ಲ. ಆದರೆ ಇದು ಆಯಿಯ ಯುದ್ಧ ನಡೆಯಿತೇ ಎಂಬ ಪ್ರಶ್ನೆ. ಪಟ್ಟಿ ಗ್ರಂಥದೊಳಗೇ ತನ್ನನ್ನು ಸುಳ್ಳಾಗಿಸುತ್ತದೆ ಎಂಬ ಅವರ ಮೂಲ ಆರೋಪಕ್ಕೆ ಇದರಿಂದ ಒಂದು ಕಡ್ಡಿಯಷ್ಟೂ ಆಸರೆಯಿಲ್ಲ.