ಜಾರುವುದು ಗಾಲಿಯೋ, ಕ್ಲಚ್ಚೋ?

ಮಳೆ ಬಿದ್ದ ಮರುದಿನ ಎರೆ ಹೊಲಕ್ಕೆ ಜೀಪು ಇಳಿಸಿದವರಿಗೆ ಆ ವಾಸನೆ ಗೊತ್ತು. ಕೂದಲು ಸುಟ್ಟಂತೆ ಒಂದು ಕಮಟು. ಎಂಜಿನ್ ಅರಚುತ್ತದೆ, ಗಾಡಿ ಮಾತ್ರ ಇದ್ದಲ್ಲೇ. ಕ್ಲಚ್ ಪ್ಲೇಟು ಸುಡುವಾಗ ಬರುವ ವಾಸನೆ ಅದು.

ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಒಂದು ಮನೆ ಇದೆಯೆಂದುಕೊಳ್ಳಿ. ಮನೆ ಪಟ್ಟಣದಲ್ಲಿ, ಹೊಲ ಕಮಲಾಪುರದ ಕಡೆ. ಅಂಗಳದಲ್ಲಿ ಹಳೆಯದೊಂದು ಫೋರ್ ವ್ಹೀಲ್ ಜೀಪು. ತೊಗರಿ ಬಿತ್ತುವ ಜೂನ್, ಜುಲೈನಲ್ಲಿ ಬೀಜ, ಗೊಬ್ಬರ, ಆಳು ಎಲ್ಲ ಅದರಲ್ಲೇ ಹೋಗಬೇಕು. ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಗುಡ್ಡ ಹತ್ತುವ, ಹಳ್ಳ ದಾಟುವ ಗಾಡಿಗಳೆಂದರೆ ಅವನಿಗೆ ಹುಚ್ಚು. ಎರಡು ವರ್ಷದಲ್ಲಿ ಎರಡನೇ ಸಲ ಕ್ಲಚ್ ಹೋಗಿದೆ. ‘ಅಪ್ಪಾ, ಈ ಸಲ ಸಿರಾಮಿಕ್ ಪ್ಲೇಟೇ ಹಾಕಸಬೇಕು’ ಎನ್ನುತ್ತಾನೆ ಮಗ. ‘ತಮ್ಮಾ, ಆ ರೊಕ್ಕದಾಗ ನಿನ್ನ ಒಂದು ಸೆಮಿಸ್ಟರ್ ಫೀಸ್ ಆಗ್ತದ’ ಎನ್ನುತ್ತಾರೆ ಅಪ್ಪ.

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಹಣದ ಮಾತಿಗೆ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಇಬ್ಬರೂ ಕೇಳಿಲ್ಲ. ಕೆಸರಿನಲ್ಲಿ ಜಾರುತ್ತಿರುವುದು ಗಾಲಿಯೋ, ಕ್ಲಚ್ಚೋ?

ಕ್ಲಚ್ಚಿನ ಕೆಲಸ ಸರಳ. ಎಂಜಿನ್ನಿನ ಹಿಂದೆ ತಿರುಗುವ ಭಾರದ ಫ್ಲೈವ್ಹೀಲ್ ಒಂದು ಕಡೆ, ಸ್ಪ್ರಿಂಗಿನ ಒತ್ತಡವಿರುವ ಪ್ರೆಶರ್ ಪ್ಲೇಟ್ ಇನ್ನೊಂದು ಕಡೆ. ನಡುವೆ ಸಿಕ್ಕಿಕೊಂಡ ಕ್ಲಚ್ ಪ್ಲೇಟು ಗೇರ್‌ಬಾಕ್ಸನ್ನು ತಿರುಗಿಸುತ್ತದೆ. ಹಿಡಿತವೆಲ್ಲ ಘರ್ಷಣೆಯದು. ಅದು ಎಷ್ಟು ಟಾರ್ಕನ್ನು, ಎಂದರೆ ತಿರುಗಿಸುವ ಬಲವನ್ನು, ತಡೆಯಬಲ್ಲದೆಂದು ಪಿಯುಸಿ ಭೌತವಿಜ್ಞಾನ ಓದಿದವರೂ ಲೆಕ್ಕ ಹಾಕಬಹುದು. ಘರ್ಷಣಾಂಕ, ಒತ್ತುವ ಬಲ, ಪ್ಲೇಟಿನ ಸರಾಸರಿ ತ್ರಿಜ್ಯ, ಈ ಮೂರನ್ನು ಗುಣಿಸಿ. ಪ್ಲೇಟಿಗೆ ಎರಡು ಮುಖ, ಆದ್ದರಿಂದ ಮತ್ತೆ ಎರಡರಿಂದ ಗುಣಿಸಿ. ಘರ್ಷಣಾಂಕ 0.3, ಒತ್ತಡ 6000 ನ್ಯೂಟನ್, ತ್ರಿಜ್ಯ 9 ಸೆಂಟಿಮೀಟರ್ ಎಂದಿಟ್ಟುಕೊಂಡರೆ 324 ನ್ಯೂಟನ್ ಮೀಟರ್ ಬರುತ್ತದೆ. 2010ರಲ್ಲಿ ಬಂದ ಮಹೀಂದ್ರ ಥಾರ್‌ನ ಸಿಆರ್‌ಡಿಇ ಡೀಸೆಲ್ ಎಂಜಿನ್ ಕೊಡುತ್ತಿದ್ದುದು 247 ನ್ಯೂಟನ್ ಮೀಟರ್. ನಮ್ಮ ಲೆಕ್ಕದ ಕ್ಲಚ್ಚಿಗೆ ಅದರ ಮುಂದೆಯೂ ಮೂವತ್ತು ಶೇಕಡಾದಷ್ಟು ಮಿಗತೆ ಇರುತ್ತದೆ. ಗಾಡಿ ತಯಾರಿಸುವವರು ಇಂಥ ಮಿಗತೆಯನ್ನು ಬೇಕೆಂದೇ ಇಟ್ಟಿರುತ್ತಾರೆ. ಕಂಪನಿ ಎಂಜಿನ್ ಇದ್ದೂ ಕಂಪನಿ ಕ್ಲಚ್ ಪದೇ ಪದೇ ಸುಟ್ಟರೆ ಪ್ಲೇಟಿನ ಮೇಲೆ ತಪ್ಪು ಹೊರಿಸುವ ಮುನ್ನ ಬೇರೆ ಕಡೆ ಕಣ್ಣು ಹಾಯಿಸಬೇಕು.

ಈಗ ಕೆಸರಿಗೆ ಬರೋಣ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಅಂಟಾಗುತ್ತದೆ, ಟೈರಿನ ಕಚ್ಚುಗಳನ್ನೆಲ್ಲ ತುಂಬಿ ಅದನ್ನು ನುಣ್ಣನೆಯ ಉರುಳೆ ಮಾಡಿಬಿಡುತ್ತದೆ. ಆಗ ಗಾಲಿ ನಿಂತಲ್ಲೇ ಗಿರಗಿರ ತಿರುಗಿದರೆ ಕ್ಲಚ್ಚಿನ ತಪ್ಪೇನೂ ಇಲ್ಲ. ನೆಲಕ್ಕೆ ಹಿಡಿತವಿಲ್ಲದ ಕಡೆ ಕ್ಲಚ್ಚಿನ ಮೇಲೆ ಬೀಳುವ ಭಾರವೂ ಕಡಿಮೆ. ಅಲ್ಲಿ ಸಿರಾಮಿಕ್ ಹಾಕಿದರೂ ಗಾಲಿ ಅಷ್ಟೇ ತಿರುಗುತ್ತದೆ. ಬೇಕಾದದ್ದು ಒಳ್ಳೆಯ ಕಚ್ಚಿನ ಟೈರು, ಇಲ್ಲವೇ ಎರಡು ದಿನದ ಬಿಸಿಲು.

ಗಾಲಿ ಹೂತು ಅಲುಗಾಡದೆ ನಿಂತು, ಎಂಜಿನ್ ಮಾತ್ರ ಓಡುತ್ತಿದ್ದರೆ ಜಾರುತ್ತಿರುವುದು ಕ್ಲಚ್ಚು. ಅರ್ಧ ಕ್ಲಚ್ ಹಿಡಿದು, ಆಕ್ಸಿಲರೇಟರ್ ತುಳಿದು ‘ಬಂತು, ಬಂತು’ ಎನ್ನುವ ಆ ಹತ್ತು ಸೆಕೆಂಡಿನ ಲೆಕ್ಕ ನೋಡಿ. 150 ನ್ಯೂಟನ್ ಮೀಟರ್ ಬಲದಲ್ಲಿ ನಿಮಿಷಕ್ಕೆ 1500 ಸುತ್ತು ಜಾರಿದರೆ ಪ್ಲೇಟಿನಲ್ಲಿ ಹುಟ್ಟುವ ಶಾಖ ಸುಮಾರು 23 ಕಿಲೋವ್ಯಾಟ್. ಹತ್ತು ಸೆಕೆಂಡಿನ ಆ ಶಾಖದಲ್ಲಿ ಮುಕ್ಕಾಲು ಲೀಟರ್ ತಣ್ಣೀರು ಕುದಿಯುವ ಹದಕ್ಕೆ ಬರುತ್ತದೆ. ಮನೆಮಂದಿಗೆಲ್ಲ ಚಹಾ ಆದೀತು. ಪ್ಲೇಟಿಗೆ ಮಾತ್ರ ಅದು ಗಂಡಾಂತರ.

ಇದಕ್ಕೆ ಮದ್ದು ಗಾಡಿಯಲ್ಲೇ ಇದೆ. ಗೇರ್ ಕಡ್ಡಿಯ ಪಕ್ಕದ ಚಿಕ್ಕ ಕಡ್ಡಿಯನ್ನು ‘ಲೋ’ಗೆ ಹಾಕುವುದು. ಎಷ್ಟೋ ಮಂದಿ ಅದನ್ನು ಮುಟ್ಟುವುದೇ ಇಲ್ಲ. ಟ್ರಾನ್ಸ್‌ಫರ್ ಕೇಸ್ ಎಂಬ ಆ ಪೆಟ್ಟಿಗೆ ಗೇರ್‌ಬಾಕ್ಸಿನ ಹಿಂದೆ ಕೂತು ಗಾಲಿಗಳ ವೇಗವನ್ನು ಇಳಿಸುತ್ತದೆ, ಬಲವನ್ನು ಏರಿಸುತ್ತದೆ. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಈ ಪಟ್ಟು 2.46. ಎಂದರೆ ಗಾಲಿಗೆ ಅಷ್ಟೇ ಬಲ ಸಿಗಲು ಕ್ಲಚ್ ಹೊರಬೇಕಾದ ಭಾರ ಅರ್ಧಕ್ಕಿಂತ ಕಡಿಮೆ. ನಿಂತಲ್ಲಿಂದ ಗಾಡಿ ಹೊರಡಿಸುವಾಗ ಕ್ಲಚ್ಚಿನಲ್ಲಿ ಹುಟ್ಟುವ ಶಾಖ ವೇಗದ ವರ್ಗದಂತೆ ಇಳಿಯುವುದರಿಂದ, ಅದು ಹೆಚ್ಚುಕಡಿಮೆ ಆರರಲ್ಲಿ ಒಂದು ಪಾಲಾಗುತ್ತದೆ. ಯಾವ ದುಬಾರಿ ಪ್ಲೇಟೂ ಇಷ್ಟು ಉಪಕಾರ ಮಾಡಲಾರದು. ಕೆಸರಿಗೆ ಇಳಿಯುವ ಮೊದಲೇ ಗಾಡಿ ನಿಲ್ಲಿಸಿ ಈ ಕಡ್ಡಿ ಹಾಕಿಕೊಳ್ಳಬೇಕು, ಅಷ್ಟೇ.

ಟೈರಿನ ಇನ್ನೊಂದು ಸಂಗತಿ ಹುಡುಗರಿಗೆ ಅಷ್ಟು ರುಚಿಸಲಿಕ್ಕಿಲ್ಲ. 28 ಅಂಗುಲದ ಟೈರು ತೆಗೆದು ಚೆಂದಕ್ಕೆಂದು 31 ಅಂಗುಲದ್ದು ಹಾಕಿದರೆ, ಅದೇ ಎಳೆತಕ್ಕೆ ಕ್ಲಚ್ಚು ಹನ್ನೊಂದು ಶೇಕಡಾ ಹೆಚ್ಚು ದುಡಿಯಬೇಕು. ಮೊದಲು ದೊಡ್ಡ ಟೈರು, ಆಮೇಲೆ ‘ಕ್ಲಚ್ ತಾಳುತ್ತಿಲ್ಲ’ ಎಂಬ ದೂರು.

ಹಾಗಾದರೆ ಸಿರಾಮಿಕ್ ಪ್ಲೇಟು ಬರೀ ಶೋಕಿಯೇ? ಅಲ್ಲ. ಅದು ಹೆಚ್ಚು ಶಾಖ ತಾಳುತ್ತದೆ, ಬಿಗಿಯಾಗಿ ಹಿಡಿಯುತ್ತದೆ. ಎಂಜಿನ್ನಿನ ಬಲ ನಿಜವಾಗಿ ಏರಿದ ಸ್ಪರ್ಧೆಯ ಗಾಡಿಗಳಲ್ಲಿ ಅದರ ಸ್ಥಾನ ಅದಕ್ಕಿದೆ. ಆದರೆ ಅದು ಮೆಲ್ಲಗೆ ಹಿಡಿಯಲಾರದು, ಗಪ್ಪನೆ ಹಿಡಿಯುತ್ತದೆ. ಎರೆಯಲ್ಲಿ ಆ ಒಂದು ಜರ್ಕಿಗೇ ಗಾಲಿಯ ಹಿಡಿತ ತಪ್ಪುತ್ತದೆ. ಸೂಪರ್ ಮಾರ್ಕೆಟ್ಟಿನ ಸಂಜೆಯ ಗದ್ದಲದಲ್ಲಿ ಹೆಜ್ಜೆ ಹೆಜ್ಜೆಗೆ ಕ್ಲಚ್ ಒತ್ತಬೇಕಾದಾಗ ಗಾಡಿ ನಡುಗುತ್ತದೆ. ಹೆವಿ ಡ್ಯೂಟಿ ಪ್ರೆಶರ್ ಪ್ಲೇಟೂ ಜೊತೆಗಿದ್ದರೆ ಪೆಡಲ್ ಗಟ್ಟಿ. ಮಗನ ಕಾಲು ತಾಳೀತು, ಅಪ್ಪನ ಮೊಣಕಾಲು? ಫ್ಲೈವ್ಹೀಲೂ ಬೇಗ ಸವೆಯುತ್ತದೆ. ಇನ್ನೊಂದು ಅಪಾಯ ಕಣ್ಣಿಗೆ ಬೀಳುವಂಥದಲ್ಲ. ಭಾರ ಮಿತಿಮೀರಿದಾಗ ಜಾರಿ ಉಳಿದದ್ದನ್ನು ಕಾಪಾಡುವ ಭಾಗ ಕ್ಲಚ್ಚು, ಮನೆಯ ವಿದ್ಯುತ್ ಫ್ಯೂಸಿನ ಹಾಗೆ. ಅದನ್ನು ಜಾರದಂತೆ ಮಾಡಿದರೆ ಪೆಟ್ಟು ಮುಂದಕ್ಕೆ ಹೋಗಿ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸೋ, ಆಕ್ಸಲ್ಲೋ ಮುರಿಯುತ್ತದೆ. ಹೊಲದ ನಡುವೆ ಆಕ್ಸಲ್ ಮುರಿದ ಜೀಪನ್ನು ರಸ್ತೆಗೆ ತರಲು ಟ್ರ್ಯಾಕ್ಟರೇ ಬರಬೇಕು.

ಬಲವಾದ ಎಂಜಿನ್ನನ್ನೇ ಕೂರಿಸುತ್ತೇನೆ ಎನ್ನುವವರು ಕಾನೂನನ್ನೂ ನೋಡಬೇಕು. ಎಂಜಿನ್ ನಂಬರು ಆರ್.ಸಿ.ಯಲ್ಲಿ ಇರುತ್ತದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಅಡಿಯಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ.

ಈ ಮನೆಯ ಜೀಪಿಗೆ ಮರಳೋಣ. ಹೇಗೂ ಗೇರ್‌ಬಾಕ್ಸ್ ಇಳಿಸಲೇಬೇಕು. ಇಳಿಸಿದಾಗ ಮಗ ಗ್ಯಾರೇಜಿನಲ್ಲೇ ಇರಲಿ. ತರಗತಿಯಲ್ಲಿ ಸಿಗದ ಪಾಠ ಅಲ್ಲಿದೆ. ಹಳೆಯ ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡಲಿ. ಎಣ್ಣೆ ಹತ್ತಿ ಮಿರುಗುತ್ತಿದ್ದರೆ ಎಂಜಿನ್ನಿನ ಹಿಂದಿನ ಸೀಲೋ, ಗೇರ್‌ಬಾಕ್ಸಿನ ಮುಂದಿನ ಸೀಲೋ ಸೋರುತ್ತಿದೆ. ಸೀಲಿನ ಬೆಲೆ ಪ್ಲೇಟಿನ ಮುಂದೆ ಏನೂ ಅಲ್ಲ. ಅದನ್ನು ಬಿಟ್ಟು ಎಂಥ ಪ್ಲೇಟು ಹಾಕಿದರೂ ಅದೂ ಜಾರುತ್ತದೆ. ಫ್ಲೈವ್ಹೀಲಿನ ಮೇಲೆ ನೀಲಿ ಕಲೆಗಳಿದ್ದರೆ ಅದು ಅತಿ ಶಾಖದ ಗುರುತು, ಅರ್ಧ ಕ್ಲಚ್ಚಿನ ಚಾಳಿ ಇದೆಯೆಂದು ಅನುಮಾನಿಸಬೇಕು. ಪೆಡಲಿಗೆ ಫ್ರೀ ಪ್ಲೇ ಇತ್ತೇ, ಯಾರಾದರೂ ಸದಾ ಪೆಡಲ್ ಮೇಲೆ ಕಾಲಿಟ್ಟೇ ಓಡಿಸುತ್ತಾರೆಯೇ, ಇದನ್ನು ಅಪ್ಪ, ಮಗ ಇಬ್ಬರೂ ಎದುರುಬದುರು ಕೂತು ಕೇಳಿಕೊಳ್ಳಬೇಕು. ಉತ್ತರ ಸ್ವಲ್ಪ ಮುಜುಗರದ್ದಾದೀತು.

ಎಂಜಿನ್ ಹಳೆಯದೇ, ಟೈರು ಕಂಪನಿ ಅಳತೆಯದೇ ಆದರೆ ಮಾಮೂಲಿ ಪ್ಲೇಟು ಸಾಕು. ಪ್ಲೇಟು, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಾಯಿಸಿ, ಫ್ಲೈವ್ಹೀಲನ್ನು ಲೇಥಿನಲ್ಲಿ ಸಮ ಮಾಡಿಸುವುದು ಜಾಣತನ. ಒಂದು ಬೇರಿಂಗಿಗಾಗಿ ಗೇರ್‌ಬಾಕ್ಸನ್ನು ಮತ್ತೊಮ್ಮೆ ಇಳಿಸುವ ಮಜೂರಿ ಉಳಿಯುತ್ತದೆ, ಬಿತ್ತನೆಯ ಹೊತ್ತಿಗೆ ಜೀಪೂ ಅಂಗಳದಲ್ಲಿರುತ್ತದೆ.