ಸಿಐಡಿ 999ಕ್ಕೆ ಗುಡಿ ಕಟ್ಟಿದ್ದು ಸಾಕು, ಹೊಸ ಮುಖ ತರ್ರಿ

ಮೊನ್ನೆ ಯಲವಿಗಿ ಸ್ಟೇಷನ್ ಕಡೆಯ ಚಹಾದಂಗಡಿಯಲ್ಲಿ ಹುಡುಗರು ಮೊಬೈಲ್ ಹಿಡಿದು ವಾದಕ್ಕೆ ಬಿದ್ದಿದ್ದರು. ಮುಂದಿನ ಜೇಮ್ಸ್ ಬಾಂಡ್ ಯಾರಾಗಬೇಕು ಅನ್ನೋದು ಜಗಳ. ನಾನು ಸುಮ್ಮನಿರಲಾರದೆ, "ಲಂಡನ್ನಿನ ಬಾಂಡ್ ಇರ್ಲಿ, ನಮ್ಮ ಸಿಐಡಿ 999ಕ್ಕ ಮುಂದಿನಾಂವ ಯಾರು?" ಅಂದೆ. ಹುಡುಗರು ಮುಖ ಮುಖ ನೋಡಿಕೊಂಡರು. ಕಟ್ಟೆ ಮೇಲೆ ಕುಂತಿದ್ದ ಹಿರಿಯರೊಬ್ಬರು ಚಹಾದ ಬಸಿ ಕೆಳಗಿಟ್ಟು, "ತಮ್ಮಾ, ನಾಲಿಗಿ ಬಿಗಿ ಹಿಡದು ಮಾತಾಡು. ಅಣ್ಣಾವ್ರ ಜಾಗಾಕ್ಕ ಮತ್ತೊಬ್ಬಾಂವ ಬರ್ತಾನೇನು?" ಅಂದರು.

ಅವರ ಪ್ರೀತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಪ್ರೀತಿಯೇ ಕನ್ನಡದ ಒಂದು ಒಳ್ಳೆಯ ಸರಣಿಯ ಬಾಗಿಲಿಗೆ ಬೀಗ ಹಾಕಿ ಕೂತಿದೆ. ಆ ಬೀಗ ತೆಗೆಯಿರಿ ಎಂದು ಕೇಳಲು ಈ ಬರಹ.

ಗೊತ್ತಿಲ್ಲದ ಹುಡುಗರಿಗಾಗಿ ಸ್ವಲ್ಪ ಹಳೇ ಕಥೆ. ಇಂಗ್ಲಿಷಿನ ಮೊದಲ ಬಾಂಡ್ ಚಿತ್ರ ಬಂದದ್ದು 1962ರಲ್ಲಿ. ಆರೇ ವರ್ಷದಲ್ಲಿ ದೊರೈ–ಭಗವಾನ್ ಜೋಡಿ ಕನ್ನಡದಲ್ಲಿ 'ಜೇಡರ ಬಲೆ' ಮಾಡಿತು. ಸಿಐಡಿ 999 ಪ್ರಕಾಶ್ ಆಗಿ ಡಾ. ರಾಜ್‌ಕುಮಾರ್. ಅದೇ 1968ರಲ್ಲಿ 'ಗೋವಾದಲ್ಲಿ ಸಿಐಡಿ 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999'. ಆಮೇಲೆ ಹಿಂದಿಯಲ್ಲಿ ದೊಡ್ಡ ಹೆಸರು ಮಾಡಿದ ರೇಖಾ ನಾಯಕಿಯಾಗಿ ಕನ್ನಡಕ್ಕೆ ಬಂದದ್ದು ಇದೇ ಜಾಕ್‌ಪಾಟ್‌ನಲ್ಲಿ. ಒಂಬತ್ತು ವರ್ಷ ಬಿಟ್ಟು 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಅದಕ್ಕಾಗಿ ನೇಪಾಳಕ್ಕೆ ಹೋಗಿ ಶೂಟಿಂಗ್ ಮಾಡಿಕೊಂಡು ಬಂದರು. ಪೌರಾಣಿಕ, ಐತಿಹಾಸಿಕ ಪಾತ್ರಗಳಲ್ಲಿ ಕಿರೀಟ ತೊಟ್ಟ ಅದೇ ಮನುಷ್ಯ ಕೋಟು ಹಾಕಿ ಪಿಸ್ತೂಲು ಹಿಡಿದಾಗ ಜನ ಒಪ್ಪಿದರು.

ನಾಲ್ಕು ಚಿತ್ರ. ಅಲ್ಲಿಗೆ ನಿಂತಿತು. ಇವತ್ತು ಹುಡುಗರಿಗೆ ಗೊತ್ತಿರುವುದು ಡೈಮಂಡ್ ರಾಕೆಟ್‌ನ ಆ ಇಂಗ್ಲಿಷ್ ಹಾಡಿನ ರೀಲ್ಸ್ ಮಾತ್ರ. ಸಿಐಡಿಯ ಹೆಸರು ಪ್ರಕಾಶ್ ಅಂತ ನಮ್ಮ ಚಹಾದಂಗಡಿಯಲ್ಲಿ ಒಬ್ಬರಿಗೂ ನೆನಪಿರಲಿಲ್ಲ.

ಅಣ್ಣಾವ್ರು ಹೋದರು, ಅದಕ್ಕೇ ಸರಣಿ ನಿಂತಿತು ಅನ್ನುವವರು ಒಂದು ಲೆಕ್ಕ ಹಾಕಲಿ. ಕೊನೆಯ ಚಿತ್ರ 1978ರದ್ದು. ಅಣ್ಣಾವ್ರು ತೀರಿಕೊಂಡದ್ದು 2006ರ ಏಪ್ರಿಲ್ 12ರಂದು. ನಡುವೆ 28 ವರ್ಷ. ಅಷ್ಟರಲ್ಲಿ ಹೊಸಬರಿಗೆ ಆ ನಂಬರ್ ಕೊಟ್ಟು, ಅವರ ಮೇಲಧಿಕಾರಿಯಾಗಿ ಅಣ್ಣಾವ್ರನ್ನೇ ಕೂರಿಸಿದ್ದರೆ ಹೇಗಿರುತ್ತಿತ್ತು? ಆ ಕೆಲಸ ಆಗಲಿಲ್ಲ. ಕಾಲ ಹಾಗಿತ್ತು ಅನ್ನಬಹುದು. ಈಗಲೂ ಆ ಮಾತೆತ್ತಿದರೆ ಬೈಗುಳ ಬೀಳುತ್ತದಲ್ಲ, ಅದಕ್ಕೆ ಏನನ್ನೋಣ?

ಅತ್ತ ಅವರು ಏನು ಮಾಡಿದರು ನೋಡಿ. ನಮ್ಮ 'ಜಾಕ್‌ಪಾಟ್' ಬಂದ 1969ರಲ್ಲೇ ಅವರು ಮೊದಲ ಸಲ ಬಾಂಡ್‌ನನ್ನು ಬದಲಿಸಿದರು. ಶಾನ್ ಕಾನರಿ ಜಾಗಕ್ಕೆ ಜಾರ್ಜ್ ಲೇಜನ್‌ಬಿ ಬಂದ, ಒಂದೇ ಚಿತ್ರಕ್ಕೆ ಹೋದ. ಮತ್ತೆ ಕಾನರಿಯನ್ನು ಕರೆತಂದರು. ಮೊದಲ ಪ್ರಯತ್ನ ಕೈಕೊಟ್ಟಿತೆಂದು ಅಂಗಡಿ ಮುಚ್ಚಲಿಲ್ಲ. 1973ರಲ್ಲಿ ರೋಜರ್ ಮೂರ್ ಬಂದ, ಏಳು ಚಿತ್ರ ಮಾಡಿದ. ಆಮೇಲೆ ಡಾಲ್ಟನ್, ಬ್ರಾಸ್ನನ್. ಡೇನಿಯಲ್ ಕ್ರೇಗ್ ಬಂದಾಗ 'ಇವನ ಕೂದಲು ಬಂಗಾರದ ಬಣ್ಣ, ಇವ ಬಾಂಡೇ ಅಲ್ಲ' ಎಂದು ಅಭಿಮಾನಿಗಳು ಇಂಟರ್ನೆಟ್ಟಿನಲ್ಲಿ ಚಳವಳಿಯನ್ನೇ ಹೂಡಿದರು. 2006ರಲ್ಲಿ 'ಕ್ಯಾಸಿನೊ ರಾಯಲ್' ಬಂದ ಮೇಲೆ ಆ ಬಾಯಿಗಳು ಮುಚ್ಚಿದವು. ಹೀಗೆ ಮುಖ್ಯ ಸರಣಿಯಲ್ಲಿ 25 ಚಿತ್ರ, 6 ನಟರು. 2021ರ ಚಿತ್ರದಲ್ಲಿ ಬಾಂಡ್ ಸತ್ತೇ ಹೋದ. ಆದರೂ ಕೊನೆಯಲ್ಲಿ ಅವನು ಮತ್ತೆ ಬರುತ್ತಾನೆ ಎಂದು ಬರೆದೇ ಪರದೆ ಇಳಿಸಿದರು. ಈಗ ಸರಣಿಯ ಹಿಡಿತ ಅಮೆಜಾನ್ ಕೈಗೆ ಬಂದಿದೆ, ಡೆನಿ ವಿಲ್ನವ್ ನಿರ್ದೇಶಕ ಎಂದು 2025ರಲ್ಲಿ ಘೋಷಣೆಯಾಗಿದೆ. ನಮ್ಮೂರ ಹುಡುಗರು ಜಗಳ ಆಡುತ್ತಿರುವುದು ಏಳನೆಯವನಿಗಾಗಿ.

"ಅದು ಅವರ ಪದ್ಧತಿ, ನಮ್ಮ ಜನ ಒಪ್ಪಂಗಿಲ್ಲ" ಅನ್ನುತ್ತೀರಾ? ನಮ್ಮ ಪದ್ಧತಿ ಏನು ಅಂತ ನಮ್ಮೂರ ಅಟ್ಟದ ಮೇಲೆ ನೋಡೋಣ. 'ಸಂಗ್ಯಾ ಬಾಳ್ಯಾ' ಆಟವನ್ನು ನಮ್ಮ ಅಜ್ಜ ನೋಡಿದ, ಅಪ್ಪ ನೋಡಿದ, ನಾವೂ ನೋಡಿದ್ವಿ. ಮೂರು ತಲೆಮಾರಿಗೆ ಸಂಗ್ಯಾ ಒಬ್ಬನೇ ಇದ್ದನೇ? ಛಲೋ ಸಂಗ್ಯಾ ಮಾಡುವವನು ತೀರಿಕೊಂಡರೆ ಊರು ಎರಡು ದಿನ ಅಳುತ್ತದೆ, ಮುಂದಿನ ಜಾತ್ರೆಗೆ ಅವನ ಅಳಿಯನನ್ನೋ ಓಣಿಯ ಇನ್ನೊಬ್ಬ ಹುಡುಗನನ್ನೋ ತಾಲೀಮಿಗೆ ಕೂರಿಸುತ್ತದೆ. "ಹಳಬನ ಗತ್ತು ಇವನಿಗಿಲ್ಲ" ಎಂದು ಗೊಣಗುತ್ತಲೇ ಬೆಳತನಕ ಕೂತು ನೋಡುತ್ತದೆ.

ಅಣ್ಣಾವ್ರೇ ಇಂಥ ರಂಗಭೂಮಿಯಿಂದ ಬಂದವರು. 1943ರ ಕನ್ನಡ 'ಸತ್ಯ ಹರಿಶ್ಚಂದ್ರ'ದಲ್ಲಿ ಸುಬ್ಬಯ್ಯ ನಾಯ್ಡು ಹರಿಶ್ಚಂದ್ರ. 1965ರಲ್ಲಿ ಆ ಪಾತ್ರ ಅಣ್ಣಾವ್ರಿಗೆ ಬಂತು. ನಾಯ್ಡು ಅವರ ಜಾಗಕ್ಕೆ ಯಾರೂ ಬೇಡ ಎಂದು ಅಂದಿನವರು ಹಟ ಹಿಡಿದಿದ್ದರೆ ನಮಗೆ ಆ ಹರಿಶ್ಚಂದ್ರ ಸಿಗುತ್ತಿದ್ದನೇ? ಇನ್ನೊಂದು ಮಾತು. ವರ್ಷಗಟ್ಟಲೆ ಅಣ್ಣಾವ್ರ ಹಾಡಿನ ದನಿ ಪಿ.ಬಿ. ಶ್ರೀನಿವಾಸ್ ಅವರದ್ದು. 1974ರ 'ಸಂಪತ್ತಿಗೆ ಸವಾಲ್' ನಂತರ ಅಣ್ಣಾವ್ರು ತಾವೇ ಹಾಡತೊಡಗಿದರು. ಕಂಠವೇ ಬದಲಾದಾಗ ಒಪ್ಪಿದ ಜನ ನಾವು. ಮುಖ ಬದಲಾದರೆ ಮುಗಿಲು ಹರಿದು ಬೀಳುತ್ತದೆಯೇ?

ಇಲ್ಲಿ ಒಂದು ಎಚ್ಚರಿಕೆಯ ಕಥೆಯೂ ಇದೆ. ಶಂಕರ್‌ನಾಗ್ 'ಎಸ್.ಪಿ. ಸಾಂಗ್ಲಿಯಾನ' ಎರಡು ಭಾಗ ಮಾಡಿ 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ಹೋಗಿಬಿಟ್ಟರು. ಮೂರನೇ ಭಾಗದಲ್ಲಿ ದೇವರಾಜ್ ಖಾಕಿ ತೊಟ್ಟರು. ದೇವರಾಜ್ ಸಣ್ಣ ನಟರಲ್ಲ. ಆದರೂ ಇವತ್ತು ಸಾಂಗ್ಲಿಯಾನ ಅಂದರೆ ಜನರ ಕಣ್ಣಿಗೆ ಕಟ್ಟುವುದು ಶಂಕ್ರಣ್ಣನ ಮುಖವೇ. ಇದರಿಂದ ನಾನು ಕಲಿತ ಪಾಠ: ಹಳೇ ಯಶಸ್ಸಿನ ಅಂಗಿಯನ್ನು ಹೊಸಬನಿಗೆ ತೊಡಿಸಿದರೆ ಸಾಲದು, ಅವನ ಅಳತೆಗೆ ಹೊಸದಾಗಿ ಹೊಲಿಸಬೇಕು. ಕ್ರೇಗ್‌ನಿಗೆ ಹಾಗೇ ಮಾಡಿದರು. ಬಾಂಡ್ 007 ಆದ ಮೊದಲ ದಿನಗಳಿಂದಲೇ ಕಥೆ ಶುರುಮಾಡಿ, ಅವನಿಗೆ ಏಟು ತಿನ್ನಿಸಿ, ತಪ್ಪು ಮಾಡಿಸಿ ನಿಲ್ಲಿಸಿದರು.

ಈಗ ಇನ್ನೊಂದು ಹೊಸ ಮಾತು ಕೇಳಿಬರುತ್ತಿದೆ. ಹೊಸಬ ಯಾಕೆ, ಕಂಪ್ಯೂಟರಿನಲ್ಲೇ ಅಣ್ಣಾವ್ರನ್ನು ಎಬ್ಬಿಸಿ ನಿಲ್ಲಿಸೋಣ ಅನ್ನುತ್ತಾರೆ ಕೆಲವರು. ಅಪ್ಪು ಅವರ 'ಜೇಮ್ಸ್' 2022ರ ಮಾರ್ಚ್ 17ರಂದು ಬಂದಾಗ ಶಿವಣ್ಣ ದನಿ ಕೊಟ್ಟಿದ್ದರು, ಆಮೇಲೆ ತಂತ್ರಜ್ಞಾನದಿಂದ ಅಪ್ಪು ದನಿಯನ್ನೇ ತಂದು ಕೂಡಿಸಿದರು. ಅರ್ಧಕ್ಕೆ ಎದ್ದು ಹೋದವನ ಊಟ ಪೂರ್ತಿ ಮಾಡಿಸಿದ ಹಾಗಿತ್ತು ಅದು. ನಾವೂ ಅತ್ತು ನೋಡಿದೆವು. ಆದರೆ ಹೊಸ ಕಥೆಗೆಲ್ಲ ಹಳೇ ಮುಖವನ್ನೇ ಯಂತ್ರದಿಂದ ಅಂಟಿಸುತ್ತಾ ಹೋದರೆ, ಧಾರವಾಡದ ರಂಗಾಯಣದಲ್ಲೋ ಹೆಗ್ಗೋಡಿನ ನೀನಾಸಮ್‌ನಲ್ಲೋ ಬೆವರು ಸುರಿಸಿ ಕಲಿಯುತ್ತಿರುವ ಹುಡುಗ ಎಲ್ಲಿಗೆ ಹೋಗಬೇಕು?

ನನಗೆ ಇದರಲ್ಲಿ ಇಷ್ಟು ಉರಿ ಯಾಕೆ ಅಂದರೆ, 999ಕ್ಕೆ ಇವತ್ತು ಮಾಡಲು ಕೆಲಸ ಇದೆ. ಜಿಲ್ಲೆಯ ಸುದ್ದಿ ಕಳಿಸುವ ನಾನು ಬರೆದು ಬರೆದು ಸುಸ್ತಾದ ಸುದ್ದಿ ಒಂದಿದೆ: ಪೊಲೀಸ್ ವೇಷದವನು ವಿಡಿಯೊ ಕಾಲ್ ಮಾಡಿ, 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ, ಪಿಂಚಣಿ ಹಣ ಎಳೆದುಕೊಂಡ. ಮೋಸ ಹೋದವರು 1930ಕ್ಕೆ ಫೋನ್ ಮಾಡಿ ಎಂದು ಕೊನೆಗೊಂದು ಸಾಲು ಸೇರಿಸುತ್ತೇನೆ. ಈ ದಂಧೆಯ ಬೇರು ಕಾಂಬೋಡಿಯಾ, ಮ್ಯಾನ್ಮಾರ್‌ವರೆಗೂ ಹೋಗಿದೆ. ಕೆಲಸ ಕೊಡಿಸುವುದಾಗಿ ನಂಬಿಸಿ ಒಯ್ದ ನಮ್ಮ ದೇಶದ ಹುಡುಗರನ್ನೇ ಅಲ್ಲಿ ಕೂಡಿಹಾಕಿ, ಅವರ ಕೈಯಿಂದಲೇ ಫೋನ್ ಮಾಡಿಸುತ್ತಾರೆ. ಜೇಡರ ಬಲೆ ಅಂದರೆ ಇದಲ್ಲದೆ ಮತ್ತೇನು? ಹಾವೇರಿ ಜಿಲ್ಲೆಯ ಹುಡುಗ ಅಲ್ಲಿ ಸಿಕ್ಕಿಬಿದ್ದಿದ್ದಾನೆ, ಅವನನ್ನು ಬಿಡಿಸಲು 999 ಹೊರಟ ಅಂತ ಕಥೆ ಮಾಡಿ ನೋಡಿ, ನಮ್ಮೂರ ಅಜ್ಜಿಯೂ ಕೂತು ನೋಡುತ್ತಾಳೆ. ಪತ್ತೇದಾರಿ ಕಥೆಗೆ ಕನ್ನಡದಲ್ಲಿ ಗಿರಾಕಿ ಇಲ್ಲ ಅನ್ನುವಂತಿಲ್ಲ. 2019ರ 'ಬೆಲ್ ಬಾಟಂ' ಓಡಿತು, ರಮೇಶ್ ಅರವಿಂದ್ ಅವರ 'ಶಿವಾಜಿ ಸುರತ್ಕಲ್'ಗೆ ಎರಡನೇ ಭಾಗವೂ ಬಂತು.

ಹೊಸ 999 ಮಾಡುವವರಿಗೆ ನನ್ನ ಷರತ್ತು ಮೂರೇ. ಅಣ್ಣಾವ್ರ ನಡಿಗೆ, ಮಾತಿನ ಧಾಟಿ ನಕಲು ಮಾಡಬೇಡಿ. ಸ್ಟಾರ್ ಮನೆಯ ಮಗ ಎಂಬ ಒಂದೇ ಕಾರಣಕ್ಕೆ ನಂಬರ್ ಕೊಡಬೇಡಿ, ನಾಡಿನ ತುಂಬ ಹುಡುಕಿ. ಹೆಣ್ಣುಮಕ್ಕಳನ್ನು ಖಳನ ಪಕ್ಕ ಕುಣಿಯಲು ಮಾತ್ರ ಇಟ್ಟುಕೊಳ್ಳುವ ಹಳೇ ಚಾಳಿ ಬಿಡಿ. 2021ರ ಬಾಂಡ್ ಚಿತ್ರದಲ್ಲಿ 007 ಎಂಬ ನಂಬರನ್ನೇ ಒಬ್ಬ ಹೆಣ್ಣುಮಗಳಿಗೆ ಕೊಟ್ಟಿದ್ದರು. ನಮ್ಮ 999 ಸವಣೂರಿನ ಹುಡುಗಿ ಯಾಕಾಗಬಾರದು?

ಈ ಸರಣಿ ಕಟ್ಟಿದ ಇಬ್ಬರಲ್ಲಿ ಕೊನೆಗೆ ಉಳಿದಿದ್ದ ಎಸ್.ಕೆ. ಭಗವಾನ್ 2023ರ ಫೆಬ್ರುವರಿಯಲ್ಲಿ ಹೋದರು. ಇನ್ನು ಇದನ್ನು ಉಳಿಸಿಕೊಳ್ಳುವ ಹೊಣೆ ನಮ್ಮ ಮೇಲಿದೆ.

ಆ ದಿನ ಚಹಾದಂಗಡಿಯಲ್ಲಿ ಇಷ್ಟೆಲ್ಲ ಹೇಳಿ ಮುಗಿಸಿದಾಗ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆತು ಬಿಡು, ಬರ್ಲಿ. ಆದ್ರ ಕನ್ನಡ ಮಾತ್ರ ಸ್ವಚ್ಛ ಮಾತಾಡ್ಬೇಕು ನೋಡು, ಅಣ್ಣಾವ್ರಂಗ" ಅಂದರು.

ನಾಲ್ಕನೇ ಷರತ್ತಾಗಿ ಅದನ್ನೂ ಬರೆದುಕೊಂಡಿದ್ದೇನೆ.