ಸೋಸಿದ ನೀರು, ಅಳೆದ ಮಾತ್ರೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಿರಿಯ ಸದ್ಭಕ್ತರಿಗೆ ನಾರುಹುಣ್ಣಿನ ನೆನಪು ಮಾಸಿರಲಾರದು. ಮೆಟ್ಟಿಲುಬಾವಿಯ ನೀರಿನೊಡನೆ ಹೊಟ್ಟೆ ಸೇರಿದ ಹುಳು ಸುಮಾರು ಒಂದು ವರ್ಷದ ಬಳಿಕ ಕಾಲಿನಲ್ಲಿ ಬೊಕ್ಕೆಯೆಬ್ಬಿಸಿ ಹೊರಬರುತ್ತಿತ್ತು. ಎರಡು ಮೂರು ಅಡಿ ಉದ್ದದ ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೆಂದು ಎಳೆಯಬೇಕಾಗಿತ್ತು. ಉರಿ ತಾಳದೆ ಅದೇ ಕಾಲನ್ನು ಬಾವಿಯಲ್ಲಿ ಅದ್ದಿದರೆ ಸಾವಿರಾರು ಮರಿಹುಳುಗಳು ನೀರಿಗಿಳಿಯುತ್ತಿದ್ದವು. ಊರಿಗೆ ಊರೇ ನರಳುತ್ತಿತ್ತು.

ಆ ಹುಳುವನ್ನು ಕೊಲ್ಲುವ ಔಷಧ ಯಾವ ಪದ್ಧತಿಯ ವೈದ್ಯರಲ್ಲಿಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಆದರೂ 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಆ ರೋಗದಿಂದ ಮುಕ್ತವೆಂದು ಸಾರಿತು. ಗೆದ್ದದ್ದು ಕೊಡದ ಬಾಯಿಗೆ ಕಟ್ಟಿದ ಅರಿವೆ ಮತ್ತು ಇಳಿಯಲಾಗದಂತೆ ಕಟ್ಟಿದ ಬಾವಿ. ನೀರನ್ನು ಸೋಸಿ ಕುಡಿಯಬೇಕೆಂಬುದು ನಮ್ಮ ಮನೆಗಳಿಗೆ ಹೊಸ ಮಾತೇನಲ್ಲ!

ಇಂದು ನಮ್ಮನ್ನು ಕಾಡುವ ವಾಂತಿಭೇದಿ, ಟೈಫಾಯಿಡ್, ಕಾಮಾಲೆಗಳ ರೋಗಾಣುಗಳು ಅರಿವೆಗೆ ಸಿಕ್ಕುವಷ್ಟು ದೊಡ್ಡವಲ್ಲ. ಅದಕ್ಕಾಗಿ ನೀರನ್ನು ಕುದಿಸಬೇಕು. ಶೌಚದ ನಂತರ, ಅಡಿಗೆಗೆ ಮುನ್ನ, ದಾಸೋಹದಲ್ಲಿ ಬಡಿಸುವ ಮುನ್ನ ಸಾಬೂನಿನಿಂದ ಕೈ ತೊಳೆಯಬೇಕು. ಇಷ್ಟನ್ನು ಬಿಟ್ಟು ನಾವು ಔಷಧ ಅಂಗಡಿಗೆ ಹೋಗಿ, "ಜ್ವರಕ್ಕೆ ಎರಡು ಮಾತ್ರೆ ಕೊಡಿ" ಎನ್ನುತ್ತೇವೆ.

ಆ್ಯಂಟಿಬಯೋಟಿಕ್ ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲದು. ನೆಗಡಿ, ಫ್ಲೂ, ಡೆಂಗ್ಯೂ ವೈರಸ್ಸಿನಿಂದ ಬರುವಂಥವು. ಅಲ್ಲಿ ಅದು ವ್ಯರ್ಥ. ಎರಡು ಮಾತ್ರೆ ನುಂಗಿ ನಿಲ್ಲಿಸಿದರೆ ಸಾಯದೆ ಉಳಿದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲಿಯೇ ಈ ಅಪಾಯವನ್ನು ಎಚ್ಚರಿಸಿದ್ದರು. ಪಟ್ಟಿಯ ಮೇಲೆ ಕೆಂಪು ಗೆರೆಯಿರುವ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು.

ಹಾಗೆಂದು ಆ್ಯಂಟಿಬಯೋಟಿಕ್ಕನ್ನೇ ವಿಷವೆಂದು ದೂರುವವರ ಪಕ್ಷವೂ ನನ್ನದಲ್ಲ. ನಮ್ಮ ವೈದ್ಯಬಂಧುಗಳಲ್ಲಿ ಕೆಲವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಆದರೂ ಟೈಫಾಯಿಡ್, ಕ್ಷಯ, ಬ್ಯಾಕ್ಟೀರಿಯಾದ ನ್ಯುಮೋನಿಯಗಳಿಗೆ ಅದೇ ಬೇಕು. ಅಲ್ಲಿ ಕಷಾಯ ಕುಡಿಸುತ್ತ ದಿನ ದೂಡುವುದು ಆಯುರ್ವೇದಕ್ಕೇ ಅಪಚಾರ. ಕ್ಷಯಕ್ಕಂತೂ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಕೆಮ್ಮು ನಿಂತಿತೆಂದು ನಡುವೆ ಬಿಡುವಂತಿಲ್ಲ.

ಮಕ್ಕಳ ನೀರುಭೇದಿಗೆ ಹೆಚ್ಚಾಗಿ ಬೇಕಾದದ್ದು ಓಆರ್‌ಎಸ್ ಮತ್ತು 14 ದಿನ ಸತುವಿನ ಮಾತ್ರೆ. ಕೂಸಿಗೆ ಎದೆಹಾಲನ್ನು ನಿಲ್ಲಿಸಬಾರದು. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಉಸಿರು ವೇಗವಾದರೆ, ಮಗು ಮಂಕಾಗಿ ಏನನ್ನೂ ಕುಡಿಯದಿದ್ದರೆ ಬೆಳಗಾಗಲೆಂದು ಕಾಯದೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ.